ಬದಲಿ ಸರ್ವರ್ ಇದ್ದರೆ ಸಾಕೇ? ಡಿಎನ್‌ಎಸ್ ತಪಾಸಣೆ ಮತ್ತು ಫೇಲ್‌ಓವರ್ ಕುರಿತು ವ್ಯಾಪಾರಸ್ಥರು ತಿಳಿದಿರಬೇಕಾದ ಸಂಗತಿಗಳು

ಒಂದು ರಾಜ್ಯದಿಂದ ಇನ್ನೊಂದಕ್ಕೆ 50,000 ರೂಪಾಯಿಗಿಂತ ಅಧಿಕ ಮೌಲ್ಯದ ಸರಕು ಸಾಗಿಸಬೇಕಾದರೆ ಇ-ವೇ ಬಿಲ್ ಅತ್ಯವಶ್ಯ. ಸರಕು ಲಾರಿಗೆ ಏರಿದ ಮೇಲೆ ಜಾಲತಾಣ ತೆರೆಯದಿದ್ದರೆ ಲಾರಿ ಅಂಗಳದಲ್ಲಿಯೇ ನಿಲ್ಲಬೇಕಾಗುತ್ತದೆ. ಹಿರಿಯಡ್ಕದ ಗೇರುಬೀಜ ಕಾರ್ಖಾನೆಗಾಗಲಿ, ಕಾರ್ಕಳದ ಅಕ್ಕಿ ಗಿರಣಿಗಾಗಲಿ, ಕಾಪುವಿನ ಸಣ್ಣ ಉದ್ದಿಮೆಗಾಗಲಿ ಇದರಿಂದಾಗುವ ನಷ್ಟ ಒಂದೇ ಬಗೆಯದು: ಲಾರಿಯ ಕಾಯುವ ಬಾಡಿಗೆ, ತಪ್ಪಿದ ಹಡಗಿನ ದಿನಾಂಕ, ಮುನಿದ ಗಿರಾಕಿ.

ಈ ವ್ಯವಸ್ಥೆಯ ಇತಿಹಾಸದಲ್ಲಿ ಕರ್ನಾಟಕಕ್ಕೆ ಮೊದಲ ಸ್ಥಾನವಿದೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ ಇ-ವೇ ಬಿಲ್ ಪದ್ಧತಿಯನ್ನು 2017ರ ಸೆಪ್ಟೆಂಬರಿನಲ್ಲಿ ದೇಶದಲ್ಲಿಯೇ ಮೊದಲಿಗೆ ಅಳವಡಿಸಿಕೊಂಡದ್ದು ನಮ್ಮ ರಾಜ್ಯ. ದೇಶದಾದ್ಯಂತ ಇದನ್ನು 2018ರ ಫೆಬ್ರವರಿ 1ರಂದು ಕಡ್ಡಾಯಗೊಳಿಸಲು ಹೊರಟಾಗ ಮೊದಲ ದಿನವೇ ಜಾಲತಾಣದಲ್ಲಿ ತಾಂತ್ರಿಕ ತೊಂದರೆ ತಲೆದೋರಿ, ಪ್ರಾಯೋಗಿಕ ಅವಧಿಯನ್ನು ಮುಂದುವರಿಸಬೇಕಾಯಿತು. ಅಂತರರಾಜ್ಯ ಸಾಗಣೆಗೆ ಅದು ಜಾರಿಯಾದದ್ದು 2018ರ ಏಪ್ರಿಲ್ 1ರಂದು. ರಾಜ್ಯದೊಳಗಿನ ಸಾಗಣೆಗೂ ಅಂದೇ ಜಾರಿ ಮಾಡಿದ್ದು ಕರ್ನಾಟಕ ಮಾತ್ರ.

ಏಳು ವರ್ಷಗಳ ಬಳಿಕ, 2025ರ ಜುಲೈ 1ರಿಂದ, ಇ-ವೇ ಬಿಲ್ 2.0 ಎಂಬ ಎರಡನೆಯ ಜಾಲತಾಣ ಬಳಕೆಗೆ ಬಂದಿತು. ಎರಡೂ ತಾಣಗಳ ಮಾಹಿತಿ ಕೆಲವೇ ಸೆಕೆಂಡುಗಳಲ್ಲಿ ಪರಸ್ಪರ ಹೊಂದಾಣಿಕೆಯಾಗುತ್ತದೆ. ಒಂದರಲ್ಲಿ ಸಿದ್ಧಪಡಿಸಿದ ಬಿಲ್ಲಿನ ವಾಹನದ ವಿವರವನ್ನು ಇನ್ನೊಂದರಲ್ಲಿ ತುಂಬಬಹುದು. ಒಂದು ಕೆಟ್ಟು ನಿಂತರೆ ಇನ್ನೊಂದು ಕೈಹಿಡಿಯಬೇಕೆಂಬುದೇ ಇದರ ಉದ್ದೇಶ.

ಆದರೆ ಇಲ್ಲಿ ಒಂದು ಅಂಶ ಗಮನಾರ್ಹವಾಗಿದೆ. ಈ ಎರಡು ತಾಣಗಳ ವಿಳಾಸ ಬೇರೆ ಬೇರೆ. ಮೊದಲನೆಯದು ಕೆಟ್ಟಿದೆ ಎಂಬುದನ್ನು ಅರಿತು ಎರಡನೆಯದರತ್ತ ತಿರುಗಬೇಕಾದವನು ಗುಮಾಸ್ತ. ಈ ಅರಿಯುವ ಮತ್ತು ತಿರುಗಿಸುವ ಕೆಲಸವನ್ನು ಯಂತ್ರವೇ ಮಾಡುವ ವಿಧಾನವೂ ಇದೆ. ಅರಿಯುವ ಕೆಲಸಕ್ಕೆ ಹೆಲ್ತ್ ಚೆಕ್, ಅಂದರೆ ಆರೋಗ್ಯ ತಪಾಸಣೆ ಎಂದೂ, ತಿರುಗಿಸುವ ಕೆಲಸಕ್ಕೆ ಫೇಲ್‌ಓವರ್ ಎಂದೂ ಹೆಸರು. ಸ್ವಂತ ಜಾಲತಾಣ, ಆನ್‌ಲೈನ್ ಮಾರಾಟ, ಅಥವಾ ಕಚೇರಿಯ ಲೆಕ್ಕಪತ್ರವನ್ನು ಹೊರಗಿನಿಂದ ನೋಡುವ ಏರ್ಪಾಡು ಇರುವ ಸಣ್ಣ ಉದ್ದಿಮೆಗಳಿಗೂ ಈ ಸೇವೆಯನ್ನು ಈಗ ಮಾರಲಾಗುತ್ತಿದೆ. ಹಣ ಕೊಡುವ ಮುನ್ನ ಅದರ ಒಳಗುಟ್ಟು ತಿಳಿದಿರುವುದು ಲೇಸು.

ಹೆಸರಿನಿಂದ ವಿಳಾಸಕ್ಕೆ

ಅಂತರ್ಜಾಲದಲ್ಲಿ ಪ್ರತಿ ಸರ್ವರ್‌ಗೂ ಅಂಕಿಗಳಿಂದ ಕೂಡಿದ ಒಂದು ಐಪಿ ವಿಳಾಸವಿರುತ್ತದೆ. ಜನರು ನೆನಪಿಡುವುದು ಅಂಕಿಗಳನ್ನಲ್ಲ, ಹೆಸರನ್ನು. ಹೆಸರು ಕೊಟ್ಟರೆ ವಿಳಾಸವನ್ನು ತಿಳಿಸುವ ವ್ಯವಸ್ಥೆಯೇ ಡೊಮೈನ್ ನೇಮ್ ಸಿಸ್ಟಮ್, ಚಿಕ್ಕದಾಗಿ ಡಿಎನ್‌ಎಸ್. ಅಮೆರಿಕದ ಪಾಲ್ ಮೊಕಾಪೆಟ್ರಿಸ್ ಅವರು 1983ರಲ್ಲಿ ಇದನ್ನು ರೂಪಿಸಿದರು. ಅದಕ್ಕೆ ಮೊದಲು ಎಲ್ಲ ಹೆಸರು ಮತ್ತು ವಿಳಾಸಗಳ ಒಂದೇ ಪಟ್ಟಿಯನ್ನು ಒಂದು ಕಡೆ ಇರಿಸಿಕೊಂಡು, ಉಳಿದವರೆಲ್ಲ ಅದರ ಪ್ರತಿಯನ್ನು ತರಿಸಿಕೊಳ್ಳುವ ಪದ್ಧತಿಯಿತ್ತು. ಗಣಕಯಂತ್ರಗಳ ಸಂಖ್ಯೆ ಹೆಚ್ಚಿದಂತೆ ಆ ಪದ್ಧತಿ ಸಾಲದಾಯಿತು.

ಹಿರಿಯಡ್ಕದ ಒಂದು ಗೇರುಬೀಜ ಕಾರ್ಖಾನೆಗೆ ಸ್ವಂತ ಜಾಲತಾಣವಿದೆ ಎಂದು ಭಾವಿಸಬಹುದು. ದುಬೈಯ ಖರೀದಿದಾರನೊಬ್ಬ ಅದರ ಹೆಸರನ್ನು ತನ್ನ ಗಣಕದಲ್ಲಿ ಬರೆದಾಗ, ಅವನ ಇಂಟರ್‌ನೆಟ್ ಕಂಪೆನಿಯ ರಿಸಾಲ್ವರ್ ಎಂಬ ಸರ್ವರ್ ಆ ಹೆಸರಿನ ವಿಳಾಸವನ್ನು ಹುಡುಕಿ ತರುತ್ತದೆ. ಅಧಿಕೃತ ಉತ್ತರ ನೀಡುವುದು ಕಾರ್ಖಾನೆಯ ಡೊಮೈನಿಗೆ ಗೊತ್ತುಪಡಿಸಿದ ನೇಮ್ ಸರ್ವರ್. ಒಮ್ಮೆ ಪಡೆದ ಉತ್ತರವನ್ನು ರಿಸಾಲ್ವರ್ ನಿಗದಿತ ಅವಧಿಯವರೆಗೆ ತನ್ನ ನೆನಪಿನಲ್ಲಿ ಇರಿಸಿಕೊಳ್ಳುತ್ತದೆ. ಈ ಅವಧಿಗೆ ಟಿಟಿಎಲ್ ಎನ್ನುತ್ತಾರೆ. ಅದನ್ನು ಸೆಕೆಂಡುಗಳಲ್ಲಿ ಬರೆಯಲಾಗುತ್ತದೆ ಮತ್ತು ಅದನ್ನು ನಿಗದಿಪಡಿಸುವ ಅಧಿಕಾರ ಡೊಮೈನಿನ ಒಡೆಯನಿಗಿದೆ.

ಮೂಲರೂಪದ ಡಿಎನ್‌ಎಸ್ ವಿಳಾಸವನ್ನು ಹೇಳುತ್ತದೆಯೇ ಹೊರತು, ಆ ವಿಳಾಸದಲ್ಲಿ ಅಂಗಡಿ ತೆರೆದಿದೆಯೇ ಎಂಬುದನ್ನು ನೋಡುವುದಿಲ್ಲ. ದೂರವಾಣಿ ಡೈರೆಕ್ಟರಿಯಲ್ಲಿ ಮುಚ್ಚಿದ ಅಂಗಡಿಯ ಸಂಖ್ಯೆಯೂ ಅಚ್ಚಾಗಿರುವಂತೆ, ಕೆಟ್ಟು ನಿಂತ ಸರ್ವರ್‌ನ ವಿಳಾಸವನ್ನೂ ಅದು ನಿಸ್ಸಂಕೋಚವಾಗಿ ಕೊಡುತ್ತಲೇ ಇರುತ್ತದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳು ವ್ಯಾಪಕವಾಗಿವೆ. ಮೊದಲನೆಯದು, ಎರಡು ನೇಮ್ ಸರ್ವರ್‌ಗಳಿದ್ದರೆ ಜಾಲತಾಣ ಸುರಕ್ಷಿತ ಎಂಬುದು. ಎರಡನೆಯ ನೇಮ್ ಸರ್ವರ್ ಹೇಳುವುದೂ ಅದೇ ವಿಳಾಸವನ್ನೇ. ವಿಳಾಸ ಹೇಳುವವನಿಗೆ ಬದಲಿ ಇದ್ದಾನೆಂದ ಮಾತ್ರಕ್ಕೆ ಅಂಗಡಿಗೆ ಬದಲಿ ಸಿಕ್ಕಂತಾಗುವುದಿಲ್ಲ. ಎರಡನೆಯದು, ಒಂದೇ ಹೆಸರಿಗೆ ಎರಡು ಸರ್ವರ್‌ಗಳ ವಿಳಾಸ ಬರೆದಿಟ್ಟರೆ ಸಾಕು ಎಂಬುದು. ಒಂದು ವಿಳಾಸ ದೊರೆಯದಿದ್ದಾಗ ಇನ್ನೊಂದನ್ನು ತಾವಾಗಿ ಪ್ರಯತ್ನಿಸುವ ಬ್ರೌಸರ್‌ಗಳಿವೆಯಾದರೂ, ಎಲ್ಲ ತಂತ್ರಾಂಶಗಳೂ ಹಾಗೆ ಮಾಡುವುದಿಲ್ಲ. ತಪಾಸಣೆಯಿಲ್ಲದೆ ಎರಡು ವಿಳಾಸ ಕೊಟ್ಟರೆ ಬಂದ ಗಿರಾಕಿಗಳಲ್ಲಿ ಕೆಲವರನ್ನು ಮುಚ್ಚಿದ ಬಾಗಿಲಿಗೆ ಕಳುಹಿಸಿದಂತೆಯೇ.

ಏನನ್ನು ತಪಾಸಿಸಬೇಕು?

ಉಡುಪಿ ನಗರಕ್ಕೆ ಕುಡಿಯುವ ನೀರು ಬರುವುದು ಹಿರಿಯಡ್ಕದ ಸಮೀಪ ಸ್ವರ್ಣಾ ನದಿಗೆ ಕಟ್ಟಿರುವ ಬಜೆ ಅಣೆಕಟ್ಟಿನಿಂದ. 2019ರ ಮೇ ತಿಂಗಳಿನಲ್ಲಿ ಬಜೆಯ ನೀರು ಬತ್ತಿ ನಗರ ತೀವ್ರ ಸಂಕಷ್ಟಕ್ಕೆ ಸಿಲುಕಿದ್ದು ಇಲ್ಲಿನ ಹೋಟೆಲು ಮತ್ತು ಉದ್ದಿಮೆಗಳವರಿಗೆ ಮರೆತಿರಲಾರದು. ಇಂತಹ ವ್ಯವಸ್ಥೆಯನ್ನು ಮೂರು ಕಡೆಗಳಲ್ಲಿ ಪರೀಕ್ಷಿಸಬಹುದು. ಪಂಪು ತಿರುಗುತ್ತಿದೆಯೇ ಎಂದು ನೋಡುವುದು ಒಂದು. ಅಣೆಕಟ್ಟಿನಲ್ಲಿ ನೀರಿನ ಮಟ್ಟ ಎಷ್ಟಿದೆ ಎಂದು ನೋಡುವುದು ಇನ್ನೊಂದು. ಮನೆಯ ನಳ್ಳಿಯಲ್ಲಿ ನೀರು ಬೀಳುತ್ತಿದೆಯೇ ಎಂದು ನೋಡುವುದು ಮತ್ತೊಂದು. ಪಂಪು ಸುಸ್ಥಿತಿಯಲ್ಲಿದ್ದೂ ನಳ್ಳಿ ಒಣಗಿರುವುದು ಸಾಧ್ಯ.

ಸರ್ವರ್ ತಪಾಸಣೆಯಲ್ಲಿಯೂ ಇಂತಹ ಹಂತಗಳಿವೆ. ಅತಿ ಸರಳವಾದದ್ದು ಪಿಂಗ್. ಯಂತ್ರಕ್ಕೆ ಜೀವವಿದೆಯೇ ಎಂಬುದನ್ನಷ್ಟೇ ಅದು ಹೇಳುತ್ತದೆ. ಎರಡನೆಯ ಹಂತದಲ್ಲಿ ಜಾಲತಾಣದ ಬಾಗಿಲು, ಎಂದರೆ ಪೋರ್ಟ್, ತೆರೆದಿದೆಯೇ ಎಂದು ನೋಡಲಾಗುತ್ತದೆ. ಮೂರನೆಯದರಲ್ಲಿ ಪುಟವೊಂದನ್ನು ನಿಜವಾಗಿಯೂ ಕೇಳಿ, ಸರಿಯಾದ ಉತ್ತರ ಸಂಕೇತ ಬಂದಿದೆಯೇ ಎಂದು ಪರಿಶೀಲಿಸಲಾಗುತ್ತದೆ. ನಾಲ್ಕನೆಯದರಲ್ಲಿ ಬಂದ ಪುಟದೊಳಗೆ ನಿರೀಕ್ಷಿತ ಪದ ಇದೆಯೇ ಎಂಬುದನ್ನೂ ಹುಡುಕಲಾಗುತ್ತದೆ.

ಅಗ್ಗದ ಸೇವೆಗಳಲ್ಲಿ ಮೊದಲ ಎರಡು ಹಂತಗಳಿಗೇ ತೃಪ್ತಿಪಡುವುದುಂಟು. ದತ್ತಾಂಶ ಸಂಗ್ರಹ ಕೆಟ್ಟು, ಪ್ರತಿ ಗಿರಾಕಿಗೂ ‘ದೋಷ ಉಂಟಾಗಿದೆ’ ಎಂಬ ಪುಟವೇ ಕಾಣುತ್ತಿದ್ದರೂ ಪಿಂಗ್ ಮಾತ್ರ ಎಲ್ಲವೂ ಕ್ಷೇಮವೆಂದೇ ವರದಿ ಮಾಡುತ್ತಿರುತ್ತದೆ. ಆದುದರಿಂದ ತಪಾಸಣೆಗೆಂದೇ ಒಂದು ಚಿಕ್ಕ ಪುಟವನ್ನು ಇರಿಸಿ, ಆ ಪುಟವು ದತ್ತಾಂಶದಿಂದ ಒಂದು ಸಾಲನ್ನು ಓದಿ ತೋರಿಸುವಂತೆ ಮಾಡುವುದು ಉತ್ತಮ ಪದ್ಧತಿ.

ತಪಾಸಣೆ ಎಲ್ಲಿಂದ ನಡೆಯುತ್ತದೆ ಎಂಬುದೂ ಅಷ್ಟೇ ಮುಖ್ಯ. ಕಚೇರಿಯೊಳಗಿನ ಗಣಕವೇ ಕಚೇರಿಯ ಸರ್ವರ್ ಅನ್ನು ನೋಡುತ್ತಿದ್ದರೆ, ರಸ್ತೆ ಅಗೆತದಲ್ಲಿ ಕೇಬಲ್ ತುಂಡಾದಾಗ ಅದಕ್ಕೆ ಏನೂ ತಿಳಿಯುವುದಿಲ್ಲ. ಗಿರಾಕಿ ಹೊರಗಿದ್ದಾನೆ. ಕಾವಲುಗಾರನೂ ಹೊರಗೇ ಇರಬೇಕು. ಒಬ್ಬನೇ ಇದ್ದರೂ ಸಾಲದು, ಅವನ ದಾರಿಯೇ ಕೆಟ್ಟಿರಬಹುದು. ಅಮೆಜಾನ್ ಸಂಸ್ಥೆಯ ರೂಟ್ 53 ಎಂಬ ಡಿಎನ್‌ಎಸ್ ಸೇವೆಯು 2013ರಿಂದ ಫೇಲ್‌ಓವರ್ ಸೌಲಭ್ಯ ನೀಡುತ್ತಿದೆ. ಅದರಲ್ಲಿ ಜಗತ್ತಿನ ಹಲವು ಕಡೆಗಳಿಂದ ತಪಾಸಣೆ ನಡೆಯುತ್ತದೆ. ಶೇಕಡಾ 18ಕ್ಕಿಂತ ಹೆಚ್ಚು ತಪಾಸಕರು ಸರ್ವರ್ ಚೆನ್ನಾಗಿದೆ ಎಂದರೆ ಅದನ್ನು ಚೆನ್ನಾಗಿದೆಯೆಂದೇ ಗಣಿಸಲಾಗುತ್ತದೆ. ಒಂದೆರಡು ಊರುಗಳ ಸಂಪರ್ಕ ಕಡಿದುಹೋದುದಕ್ಕಾಗಿ ಸುಸ್ಥಿತಿಯ ಸರ್ವರ್ ಅನ್ನು ಕೈಬಿಡಬಾರದೆಂಬುದು ಇದರ ಹಿಂದಿನ ವಿಚಾರ.

ಎಷ್ಟು ಹೊತ್ತಿಗೊಮ್ಮೆ, ಎಷ್ಟು ಸಲ?

ಅದೇ ಸೇವೆಯಲ್ಲಿ ಸಾಮಾನ್ಯ ತಪಾಸಣೆ 30 ಸೆಕೆಂಡಿಗೊಮ್ಮೆ, ಹೆಚ್ಚಿನ ಶುಲ್ಕ ನೀಡಿದರೆ 10 ಸೆಕೆಂಡಿಗೊಮ್ಮೆ ನಡೆಯುತ್ತದೆ. ಬೇರೆ ಸಂಖ್ಯೆ ಸೂಚಿಸದಿದ್ದರೆ, ಸತತ 3 ಬಾರಿ ವಿಫಲವಾದ ಮೇಲೆ ಮಾತ್ರ ಸರ್ವರ್ ಕೆಟ್ಟಿದೆಯೆಂದು ತೀರ್ಮಾನಿಸಲಾಗುತ್ತದೆ. ಒಂದೇ ವೈಫಲ್ಯಕ್ಕೆ ತೀರ್ಮಾನ ಕೊಟ್ಟರೆ ಕ್ಷಣಿಕ ತಡವರಿಕೆಗೂ ವಿಳಾಸ ಬದಲಾಗುತ್ತದೆ. ಹತ್ತು ವೈಫಲ್ಯಗಳವರೆಗೆ ಕಾದರೆ ಗಿರಾಕಿ ಬೇರೆ ಅಂಗಡಿಗೆ ಹೋಗಿರುತ್ತಾನೆ.

ಜನರೇಟರ್ ಇರುವ ಕಾರ್ಖಾನೆಗಳವರಿಗೆ ಈ ಲೆಕ್ಕ ಹೊಸದಲ್ಲ. ಸ್ವಯಂಚಾಲಿತ ಚೇಂಜ್‌ಓವರ್ ಸ್ವಿಚ್ ವಿದ್ಯುತ್ ಕಣ್ಣು ಮಿಟುಕಿಸಿದ ಕೂಡಲೇ ಜನರೇಟರ್ ಚಾಲೂ ಮಾಡುವುದಿಲ್ಲ, ಕೆಲವು ಸೆಕೆಂಡು ಕಾಯುತ್ತದೆ. ವಿದ್ಯುತ್ ಮರಳಿದ ಕೂಡಲೇ ಹಿಂದಕ್ಕೆ ತಿರುಗುವುದೂ ಇಲ್ಲ, ಪೂರೈಕೆ ಸ್ಥಿರವಾಗುವವರೆಗೆ ಇನ್ನಷ್ಟು ಹೊತ್ತು ಕಾಯುತ್ತದೆ. ಮಳೆಗಾಲದ ರಾತ್ರಿ ಹತ್ತು ಸಲ ಹೋಗಿ ಬರುವ ವಿದ್ಯುತ್ತಿನ ಜೊತೆ ಯಂತ್ರಗಳೂ ಹತ್ತು ಸಲ ಅತ್ತಿತ್ತ ಹೊರಳಿದರೆ ಮೋಟರು ಸುಡುತ್ತದೆ. ಸರ್ವರ್‌ಗಳ ವಿಷಯದಲ್ಲಿ ಹೀಗೆ ಹೊರಳಾಡಿದರೆ ಅರ್ಧ ಆರ್ಡರುಗಳು ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ ದಾಖಲಾಗಿ ಲೆಕ್ಕ ಕೂಡುವುದೇ ಕಷ್ಟವಾಗುತ್ತದೆ.

ಆದುದರಿಂದ ಬದಲಿ ಸರ್ವರ್‌ಗೆ ಹೋಗುವುದನ್ನು ಯಂತ್ರಕ್ಕೆ ಬಿಟ್ಟು, ಮೂಲ ಸರ್ವರ್‌ಗೆ ಮರಳುವ ನಿರ್ಧಾರವನ್ನು ಮನುಷ್ಯನ ಕೈಯಲ್ಲಿ ಇರಿಸಿಕೊಳ್ಳುವ ಪದ್ಧತಿ ಸಣ್ಣ ಉದ್ದಿಮೆಗಳಿಗೆ ಹಿತಕರ. ಮರಳುವ ಮುನ್ನ ಬದಲಿ ಸರ್ವರ್‌ನಲ್ಲಿ ದಾಖಲಾದ ವ್ಯವಹಾರಗಳನ್ನು ಮೂಲಕ್ಕೆ ನಕಲು ಮಾಡಿಕೊಳ್ಳಬೇಕಾಗುತ್ತದೆ.

ಹಳೆಯ ವಿಳಾಸದ ನೆನಪು

1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ನೆಲೆ ನಿಂತ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಸಿಂಡಿಕೇಟ್ ಬ್ಯಾಂಕಿನ ಶಾಖೆಗಳ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ಅಂದೇ ಅಳಿದುಹೋಗಲಿಲ್ಲ. 2021ರ ಜೂನ್ ಅಂತ್ಯದವರೆಗೆ ಅವು ನಡೆದವು, ಜುಲೈ 1ರಿಂದ ಅಮಾನ್ಯವಾದವು. ಗಿರಾಕಿಗಳ ಬಿಲ್ ಪುಸ್ತಕ, ಲೆಟರ್‌ಹೆಡ್, ಲೆಕ್ಕಪತ್ರದ ತಂತ್ರಾಂಶಗಳಲ್ಲಿ ಉಳಿದುಹೋದ ಹಳೆಯ ಸಂಕೇತವನ್ನು ಬದಲಿಸಲು ಅಷ್ಟು ಕಾಲಾವಕಾಶ ಬೇಕಾಗಿತ್ತು. ವಿಳಾಸ ಬದಲಾಯಿಸುವುದು ಒಂದು ದಿನದ ಕೆಲಸ. ಅದು ಎಲ್ಲರ ನೆನಪಿನಲ್ಲಿಯೂ ಬದಲಾಗುವುದಕ್ಕೆ ಹಿಡಿಯುವ ಕಾಲವೇ ಬೇರೆ.

ಡಿಎನ್‌ಎಸ್‌ನಲ್ಲಿ ಈ ಕಾಲವನ್ನು ಟಿಟಿಎಲ್ ನಿರ್ಧರಿಸುತ್ತದೆ. 30 ಸೆಕೆಂಡಿಗೊಮ್ಮೆ ತಪಾಸಣೆ, 3 ವೈಫಲ್ಯಗಳ ನಿಯಮ ಎಂದಾದರೆ ದೋಷ ಪತ್ತೆಗೆ ಸುಮಾರು 90 ಸೆಕೆಂಡು ಬೇಕು. ಟಿಟಿಎಲ್ 300 ಸೆಕೆಂಡು ಇದ್ದರೆ ಕೊನೆಯ ಗಿರಾಕಿಗೆ ಹೊಸ ವಿಳಾಸ ತಿಳಿಯಲು ಇನ್ನೂ 5 ನಿಮಿಷ ಬೇಕಾಗಬಹುದು. ಒಟ್ಟು ಆರೂವರೆ ನಿಮಿಷ. ಅದೇ ಟಿಟಿಎಲ್ 86,400 ಸೆಕೆಂಡು ಇದ್ದರೆ, ತಪಾಸಣೆ ಎಷ್ಟೇ ಚುರುಕಾಗಿದ್ದರೂ, ಕೆಲವು ಗಿರಾಕಿಗಳು ಇಡೀ ಒಂದು ದಿನ ಕೆಟ್ಟ ಸರ್ವರ್‌ನ ಬಾಗಿಲನ್ನೇ ತಟ್ಟುತ್ತಿರುತ್ತಾರೆ. ಫೇಲ್‌ಓವರ್ ಸೇವೆಗೆ ಶುಲ್ಕ ತೆತ್ತು ಟಿಟಿಎಲ್ ಅನ್ನು ಮೊದಲಿನಂತೆ ಒಂದು ದಿನಕ್ಕೇ ಬಿಟ್ಟರೆ ಆ ಹಣ ವ್ಯರ್ಥ. ಫೇಲ್‌ಓವರ್ ಬೇಕಾದ ಹೆಸರುಗಳಿಗೆ 60 ಸೆಕೆಂಡು ಅಥವಾ ಅದಕ್ಕಿಂತ ಕಡಿಮೆ ಇರಲಿ ಎಂಬುದು ರೂಟ್ 53 ಸೇವೆಯ ಸಲಹೆ.

ಟಿಟಿಎಲ್ ಕಡಿಮೆ ಮಾಡುವುದಕ್ಕೂ ಬೆಲೆಯಿದೆ. ರಿಸಾಲ್ವರ್‌ಗಳು ಮೇಲಿಂದ ಮೇಲೆ ಬಂದು ಕೇಳುವುದರಿಂದ ನೇಮ್ ಸರ್ವರ್‌ಗಳ ಮೇಲೆ ಹೊರೆ ಹೆಚ್ಚುತ್ತದೆ. ನೇಮ್ ಸರ್ವರ್‌ಗಳೇ ನಿಂತುಹೋದ ಸಂದರ್ಭದಲ್ಲಿ ದೀರ್ಘ ಟಿಟಿಎಲ್ ಇದ್ದವರ ಹೆಸರು ಹಳೆಯ ನೆನಪಿನ ಬಲದಿಂದ ಇನ್ನಷ್ಟು ಹೊತ್ತು ನಡೆಯುತ್ತದೆ. 60 ಸೆಕೆಂಡಿನವರ ಹೆಸರು ಒಂದು ನಿಮಿಷದಲ್ಲಿ ಮರೆತುಹೋಗುತ್ತದೆ.

ಮಿಂಚಂಚೆಯ ವಿಷಯ ಬೇರೆ. ಅಂಚೆ ಸರ್ವರ್‌ಗಳ ಹೆಸರನ್ನು ಮೊದಲನೆಯದು, ಎರಡನೆಯದು ಎಂದು ಆದ್ಯತೆಯ ಕ್ರಮದಲ್ಲಿ ಬರೆಯುವ ಸೌಲಭ್ಯ 1986ರಿಂದಲೂ ಡಿಎನ್‌ಎಸ್‌ನಲ್ಲಿದೆ. ಮೊದಲನೆಯದು ದೊರೆಯದಿದ್ದರೆ ಕಳುಹಿಸುವ ಸರ್ವರ್ ತಾನಾಗಿ ಎರಡನೆಯದನ್ನು ಹುಡುಕುತ್ತದೆ. ಎರಡೂ ಇಲ್ಲದಿದ್ದರೆ ನಾಲ್ಕೈದು ದಿನಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸಬೇಕೆಂಬುದು ಮಾನಕ. ಹೀಗಾಗಿ ಒಂದೆರಡು ಗಂಟೆ ಅಂಚೆ ಸರ್ವರ್ ನಿಂತರೆ ಪತ್ರ ತಡವಾಗುತ್ತದೆ, ಸಾಮಾನ್ಯವಾಗಿ ಕಳೆದುಹೋಗುವುದಿಲ್ಲ.

ತಪಾಸಣೆಯೇ ತೊಂದರೆ ತಂದಾಗ

ಕಾವಲು ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಂದಿರಬಹುದೇ ಎಂಬ ಪ್ರಶ್ನೆಗೆ ಇತ್ತೀಚಿನ ಮೂರು ಘಟನೆಗಳು ಉತ್ತರ ನೀಡುತ್ತವೆ.

ಮೊದಲನೆಯದು 2021ರ ಅಕ್ಟೋಬರ್ 4ರದು. ಭಾರತೀಯ ಕಾಲಮಾನದಂತೆ ರಾತ್ರಿ 9 ಗಂಟೆಯ ನಂತರ ಫೇಸ್‌ಬುಕ್, ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆಗಳ ಕಾಲ ಸ್ತಬ್ಧವಾದವು. ವಾಟ್ಸಾಪ್‌ನಲ್ಲಿಯೇ ಆರ್ಡರು ಪಡೆಯುವ ಅನೇಕ ವ್ಯಾಪಾರಿಗಳು ಅದನ್ನು ಕಂಡಿದ್ದಾರೆ. ನಿರ್ವಹಣಾ ಕಾರ್ಯದ ವೇಳೆ ನೀಡಿದ ಒಂದು ಆದೇಶದಿಂದ ಸಂಸ್ಥೆಯ ಡೇಟಾ ಸೆಂಟರುಗಳನ್ನು ಬೆಸೆಯುವ ಆಂತರಿಕ ಜಾಲ ಕಡಿದುಹೋಯಿತು. ಅದರ ಡಿಎನ್‌ಎಸ್ ಸರ್ವರ್‌ಗಳಿಗೆ ಒಂದು ನಿಯಮವಿತ್ತು: ಡೇಟಾ ಸೆಂಟರು ಸಂಪರ್ಕಕ್ಕೆ ಸಿಗದಿದ್ದರೆ ತನ್ನನ್ನು ತಾನು ಅಸ್ವಸ್ಥವೆಂದು ಭಾವಿಸಿ, ತನ್ನತ್ತ ಬರುವ ದಾರಿಯ ಪ್ರಕಟಣೆಯನ್ನು ಹಿಂದೆಗೆದುಕೊಳ್ಳಬೇಕು. ಒಂದು ಕಡೆಯ ಸರ್ವರ್ ಕೆಟ್ಟಾಗ ಉಳಿದವು ಕೆಲಸ ವಹಿಸಿಕೊಳ್ಳಲೆಂದು ಮಾಡಿದ ಒಳ್ಳೆಯ ನಿಯಮವೇ ಅದು. ಅಂದು ಎಲ್ಲ ಸರ್ವರ್‌ಗಳಿಗೂ ಒಂದೇ ಕಾಲಕ್ಕೆ ಸಂಪರ್ಕ ತಪ್ಪಿತು, ಎಲ್ಲವೂ ಒಟ್ಟಿಗೆ ಮರೆಯಾದವು. ಡಿಎನ್‌ಎಸ್ ಸರ್ವರ್‌ಗಳು ಸ್ವತಃ ಸುಸ್ಥಿತಿಯಲ್ಲಿಯೇ ಇದ್ದವು, ಆದರೆ ಅವುಗಳ ಬಳಿಗೆ ಹೋಗುವ ದಾರಿ ಜಗತ್ತಿಗೆ ತಿಳಿಯದಾಯಿತು.

ಎರಡನೆಯದು 2025ರ ಅಕ್ಟೋಬರ್ 20ರದು. ನಮ್ಮಲ್ಲಿ ನರಕ ಚತುರ್ದಶಿಯ ದಿನ. ಅಮೆಜಾನಿನ ಉತ್ತರ ವರ್ಜೀನಿಯಾದ ಸರ್ವರ್ ಕೇಂದ್ರಗಳಲ್ಲಿ ಡೈನಮೊಡಿಬಿ ಎಂಬ ದತ್ತಾಂಶ ಸೇವೆಯ ಡಿಎನ್‌ಎಸ್ ದಾಖಲೆಯೇ ಬರಿದಾಯಿತು. ಆ ದಾಖಲೆಗಳನ್ನು ನವೀಕರಿಸಲು ಒಂದಕ್ಕಿಂತ ಹೆಚ್ಚು ಸ್ವಯಂಚಾಲಿತ ತಂತ್ರಾಂಶಗಳನ್ನು, ಒಂದು ಕೆಟ್ಟರೆ ಇನ್ನೊಂದಿರಲೆಂದು, ಇರಿಸಲಾಗಿತ್ತು. ನಿಧಾನಗೊಂಡಿದ್ದ ಒಂದು ತಂತ್ರಾಂಶ ಹಳೆಯ ಪಟ್ಟಿಯನ್ನು ಹೊಸದರ ಮೇಲೆ ಬರೆಯಿತು. ಇನ್ನೊಂದು ಅದನ್ನು ಹಳೆಯದೆಂದು ಗುರುತಿಸಿ ಅಳಿಸಿಹಾಕಿತು. ಉಳಿದದ್ದು ಖಾಲಿ ಪುಟ. ಮನುಷ್ಯರು ಕೈಯಾರೆ ಸರಿಪಡಿಸುವವರೆಗೆ ಅದು ಹಾಗೆಯೇ ಇತ್ತು.

ಅದೇ ದಿನದ ಮುಂದಿನ ಅಧ್ಯಾಯ ಇನ್ನೂ ಬೋಧಪ್ರದವಾಗಿದೆ. ಹೊಸದಾಗಿ ಆರಂಭಿಸಿದ ಸರ್ವರ್‌ಗಳಿಗೆ ಜಾಲದ ವಿವರಗಳು ಇನ್ನೂ ತಲಪದಿದ್ದಾಗಲೇ ತಪಾಸಣೆ ನಡೆದು ಅವು ಅಸ್ವಸ್ಥವೆಂದು ತೀರ್ಮಾನವಾಯಿತು. ಡಿಎನ್‌ಎಸ್‌ನಿಂದ ಅವುಗಳ ಹೆಸರು ತೆಗೆಯಲಾಯಿತು. ಮುಂದಿನ ತಪಾಸಣೆಯಲ್ಲಿ ಉತ್ತೀರ್ಣವಾದಾಗ ಮರಳಿ ಸೇರಿಸಲಾಯಿತು. ಈ ಒಳಗೆ ಹೊರಗೆ ಓಡಾಟದ ಹೊರೆಯಿಂದ ತಪಾಸಣಾ ವ್ಯವಸ್ಥೆಯೇ ಕುಂಟತೊಡಗಿತು. ಕೊನೆಗೆ ಎಂಜಿನಿಯರುಗಳು ಸ್ವಯಂಚಾಲಿತ ಫೇಲ್‌ಓವರ್ ಅನ್ನೇ ನಿಲ್ಲಿಸಿದರು. ಆ ಬಳಿಕವೇ ಸುಸ್ಥಿತಿಯ ಸರ್ವರ್‌ಗಳೆಲ್ಲ ಕೆಲಸಕ್ಕೆ ಮರಳಿದವು.

ಮೂರನೆಯದು ಪ್ರತಿ ಅಂಗಡಿಯ ಗಲ್ಲಾಪೆಟ್ಟಿಗೆಗೂ ತಟ್ಟಿದ್ದು. 2025ರ ಏಪ್ರಿಲ್ 12ರಂದು ಯುಪಿಐ ಪಾವತಿಗಳು ಹಲವು ಗಂಟೆ ತೊಡಕಿಗೆ ಸಿಲುಕಿದವು. ಇದು ಡಿಎನ್‌ಎಸ್‌ಗೆ ಸೇರಿದ ಪ್ರಕರಣವಲ್ಲದಿದ್ದರೂ ಪಾಠ ಅದೇ. ಹಣ ತಲಪಿತೇ ಇಲ್ಲವೇ ಎಂದು ವಿಚಾರಿಸುವ ಕೋರಿಕೆಗಳನ್ನು ಕೆಲವು ಬ್ಯಾಂಕುಗಳು, ಹಳೆಯ ವ್ಯವಹಾರಗಳ ಕುರಿತೂ ಸಹ, ಎಡೆಬಿಡದೆ ಕಳುಹಿಸಿದ್ದೇ ಕಾರಣವೆಂದು ರಾಷ್ಟ್ರೀಯ ಪಾವತಿ ನಿಗಮ ಕಂಡುಕೊಂಡಿತು. ಬಳಿಕ ಆಗಸ್ಟ್ 2025ರಿಂದ ಒಂದು ವ್ಯವಹಾರದ ಸ್ಥಿತಿಯನ್ನು 90 ಸೆಕೆಂಡುಗಳ ಅಂತರದಲ್ಲಿ 3 ಬಾರಿಗಿಂತ ಹೆಚ್ಚು ಕೇಳಬಾರದೆಂಬ ಮಿತಿ ಬಂದಿತು. ರೋಗಿಯನ್ನು ಕ್ಷಣಕ್ಕೊಮ್ಮೆ ಎಬ್ಬಿಸಿ ಹೇಗಿದ್ದೀರಿ ಎಂದು ಕೇಳಿದರೆ ಆರೋಗ್ಯವಂತನೂ ಮಲಗಿಬಿಡುತ್ತಾನೆ.

ಈ ಮೂರರಿಂದ ಹೊರಡುವ ನಿಯಮವೊಂದಿದೆ. ತಪಾಸಣೆ ಎಲ್ಲ ಸರ್ವರ್‌ಗಳೂ ಒಟ್ಟಿಗೆ ಕೆಟ್ಟಿವೆ ಎಂದು ಹೇಳಿದರೆ, ಕೆಟ್ಟಿರುವುದು ಬಹುತೇಕ ತಪಾಸಣೆಯೇ ಆಗಿರುವ ಸಂಭವ ಹೆಚ್ಚು. ಅಂತಹ ಸ್ಥಿತಿಯಲ್ಲಿ ಯಾವ ವಿಳಾಸವನ್ನೂ ಕೊಡದಿರುವುದಕ್ಕಿಂತ ಎಲ್ಲ ವಿಳಾಸಗಳನ್ನೂ ಕೊಡುವುದು ಮೇಲು. ರೂಟ್ 53 ಸೇವೆ ಈ ನಿಯಮವನ್ನೇ ಪಾಲಿಸುತ್ತದೆ. ಎಲ್ಲವೂ ಅಸ್ವಸ್ಥವೆಂದಾದಾಗ ಅದು ಎಲ್ಲವನ್ನೂ ಸ್ವಸ್ಥವೆಂದು ಪರಿಗಣಿಸಿ ಉತ್ತರ ಕೊಡುತ್ತದೆ. ಸೇವೆ ಕೊಳ್ಳುವವರು ಈ ಪ್ರಶ್ನೆಯನ್ನು ಮಾರುವವರಿಗೆ ತಪ್ಪದೆ ಕೇಳಬೇಕು.

ವಿಳಾಸ ಹೇಳುವವನೇ ಮಲಗಿದರೆ

2016ರ ಅಕ್ಟೋಬರ್ 21ರಂದು ಅಮೆರಿಕದ ಡಿನ್ ಎಂಬ ಡಿಎನ್‌ಎಸ್ ಕಂಪೆನಿಯ ಮೇಲೆ ಭಾರಿ ದಾಳಿ ನಡೆಯಿತು. ಅದರ ಗ್ರಾಹಕರಾಗಿದ್ದ ಟ್ವಿಟರ್, ಸ್ಪಾಟಿಫೈ, ರೆಡಿಟ್ ಮೊದಲಾದವುಗಳ ಸರ್ವರ್‌ಗಳು ಚೆನ್ನಾಗಿದ್ದರೂ ಹೆಸರಿಗೆ ಉತ್ತರ ಸಿಗದೆ ಗಂಟೆಗಟ್ಟಲೆ ಕಾಣೆಯಾದವು. ಆ ದಾಳಿಗೆ ಬಳಕೆಯಾದದ್ದು ಮಿರಾಯ್ ಎಂಬ ದುಷ್ಟ ತಂತ್ರಾಂಶ ವಶಪಡಿಸಿಕೊಂಡಿದ್ದ ಸಿಸಿಟಿವಿ ಕ್ಯಾಮೆರಾ, ವಿಡಿಯೊ ರೆಕಾರ್ಡರ್ ಮತ್ತು ರೌಟರ್‌ಗಳು. ಕಾರ್ಖಾನೆಯಿಂದ ಬಂದಾಗ ಇದ್ದ ಪಾಸ್‌ವರ್ಡನ್ನು ಯಾರೂ ಬದಲಿಸದಿದ್ದುದೇ ಅವುಗಳ ದೌರ್ಬಲ್ಯ. ಅಂಗಡಿಗೆ ಕ್ಯಾಮೆರಾ ಹಾಕಿಸಿಕೊಂಡವರೆಲ್ಲರೂ ಪಾಸ್‌ವರ್ಡ್ ಬದಲಿಸಲು ಇದಕ್ಕಿಂತ ಬೇರೆ ಕಾರಣ ಬೇಡ.

ನೇಮ್ ಸರ್ವರ್‌ಗಳನ್ನು ಒಂದೇ ಕಟ್ಟಡದಲ್ಲಿ, ಒಂದೇ ಜಾಲದಲ್ಲಿ ಇರಿಸಬಾರದು, ದೂರ ದೂರದ ಊರುಗಳಲ್ಲಿ ಇರಿಸಬೇಕು ಎಂಬ ಮಾರ್ಗಸೂಚಿ 1997ರಷ್ಟು ಹಿಂದೆಯೇ ಪ್ರಕಟವಾಗಿದೆ. ಡಿನ್ ಘಟನೆ ಅದಕ್ಕೆ ಇನ್ನೊಂದು ಮಾತನ್ನು ಸೇರಿಸಿತು. ವ್ಯವಹಾರ ದೊಡ್ಡದಾದರೆ ನೇಮ್ ಸರ್ವರ್‌ಗಳನ್ನು ಎರಡು ಬೇರೆ ಕಂಪೆನಿಗಳಲ್ಲಿ ಇರಿಸುವುದು ಕ್ಷೇಮ.

ಸಣ್ಣ ಉದ್ದಿಮೆಗಳಿಗೆ ಇದಕ್ಕಿಂತ ಹತ್ತಿರದ ಅಪಾಯವೊಂದಿದೆ. ಡೊಮೈನ್ ಜಾಲತಾಣ ಮಾಡಿಕೊಟ್ಟವನ ಹೆಸರಿನಲ್ಲಿರುತ್ತದೆ. ನವೀಕರಣದ ಸೂಚನೆ ಅವನ ಹಳೆಯ ಮಿಂಚಂಚೆಗೆ ಹೋಗುತ್ತದೆ. ಅವಧಿ ಮುಗಿದ ದಿನ ಜಾಲತಾಣವೂ ಮಿಂಚಂಚೆಯೂ ಒಟ್ಟಿಗೆ ನಿಲ್ಲುತ್ತವೆ. ಯಾವ ತಪಾಸಣೆಯೂ, ಯಾವ ಬದಲಿ ಸರ್ವರ್ ಕೂಡ ಇದಕ್ಕೆ ಪರಿಹಾರವಲ್ಲ.

ಯಾರಿಗೆ ಎಷ್ಟು ಬೇಕು?

ಎಲ್ಲ ಉದ್ದಿಮೆಗಳಿಗೂ ಫೇಲ್‌ಓವರ್ ಬೇಕೆಂದೇನಿಲ್ಲ. ಕೇವಲ ಪರಿಚಯದ ಪುಟವಿರುವ ಜಾಲತಾಣ ಒಂದು ಗಂಟೆ ನಿಂತರೆ ಹೇಳಿಕೊಳ್ಳುವ ನಷ್ಟವಿಲ್ಲ. ಅಲ್ಲಿ ತಪಾಸಣೆ ಮಾಡಿ ಸಂದೇಶ ಕಳುಹಿಸುವ ಸೇವೆಯೊಂದೇ ಸಾಕು. ಆನ್‌ಲೈನಿನಲ್ಲಿ ಆರ್ಡರು ಪಡೆಯುವವರು ಒಂದು ಗಂಟೆಯ ವ್ಯಾಪಾರದ ಮೌಲ್ಯವನ್ನು ಲೆಕ್ಕ ಹಾಕಿ, ವರ್ಷಕ್ಕೆ ಎಷ್ಟು ಗಂಟೆ ನಿಂತಿತ್ತೆಂಬುದರಿಂದ ಗುಣಿಸಿ, ಬಂದ ಮೊತ್ತವನ್ನು ಬದಲಿ ಸರ್ವರ್‌ನ ವಾರ್ಷಿಕ ವೆಚ್ಚದೊಂದಿಗೆ ಹೋಲಿಸಿ ನೋಡುವುದು ಯುಕ್ತ.

ಕಚೇರಿಯಲ್ಲಿಯೇ ಸರ್ವರ್ ಇರಿಸಿಕೊಂಡು, ಉಡುಪಿಯ ಶಾಖೆಯಿಂದಲೋ ಮನೆಯಿಂದಲೋ ಲೆಕ್ಕಪತ್ರ ನೋಡುವವರು ಎರಡು ಕಂಪೆನಿಗಳ ಇಂಟರ್‌ನೆಟ್ ಸಂಪರ್ಕ ಪಡೆದು, ಡಿಎನ್‌ಎಸ್ ಫೇಲ್‌ಓವರ್ ಮೂಲಕ ಒಂದರಿಂದ ಇನ್ನೊಂದಕ್ಕೆ ಹೊರಳುವ ಏರ್ಪಾಡು ಮಾಡಿಕೊಳ್ಳಬಹುದು. ಆದರೆ ಎರಡೂ ಕೇಬಲ್‌ಗಳು ಒಂದೇ ಕಂಬದ ಮೇಲೆ ಬರುತ್ತಿದ್ದರೆ ಗಾಳಿಮಳೆಗೆ ಬಿದ್ದ ಒಂದು ಮರವೇ ಎರಡನ್ನೂ ಕಡಿಯುತ್ತದೆ. ಒಂದು ಕೇಬಲ್, ಇನ್ನೊಂದು ಮೊಬೈಲ್ ಜಾಲ ಎಂದಿದ್ದರೆ ಮೇಲು. ಮೊಬೈಲ್ ಸಂಪರ್ಕದಲ್ಲಿ ಹೊರಗಿನಿಂದ ತಲಪಬಹುದಾದ ಐಪಿ ವಿಳಾಸ ಸಿಗುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಬೇಕು.

ಸೇವೆ ನೀಡುವವರಿಗೆ ಕೇಳಬೇಕಾದ ಪ್ರಶ್ನೆಗಳು ಇವು:

1. ಡೊಮೈನ್ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಅವಧಿ ಎಂದು ಮುಗಿಯುತ್ತದೆ? ಸೂಚನೆ ಯಾವ ಮಿಂಚಂಚೆಗೆ ಬರುತ್ತದೆ?

2. ನೇಮ್ ಸರ್ವರ್‌ಗಳು ಎಷ್ಟು? ಅವು ಬೇರೆ ಬೇರೆ ಊರು ಮತ್ತು ಜಾಲಗಳಲ್ಲಿವೆಯೇ?

3. ಟಿಟಿಎಲ್ ಈಗ ಎಷ್ಟಿದೆ? ಅದನ್ನು ಬದಲಿಸುವ ಅಧಿಕಾರ ಯಾರಿಗಿದೆ?

4. ತಪಾಸಣೆ ಪಿಂಗ್ ಮಾತ್ರವೇ, ಅಥವಾ ಪುಟದೊಳಗಿನ ಮಾಹಿತಿಯನ್ನೂ ನೋಡುತ್ತದೆಯೇ? ಎಷ್ಟು ಸ್ಥಳಗಳಿಂದ, ಎಷ್ಟು ಸೆಕೆಂಡಿಗೊಮ್ಮೆ, ಎಷ್ಟು ವೈಫಲ್ಯಕ್ಕೆ ತೀರ್ಮಾನ?

5. ಬದಲಿ ಸರ್ವರ್‌ನಲ್ಲಿರುವ ದತ್ತಾಂಶ ಎಷ್ಟು ಹಳೆಯದು? ಸೆಕೆಂಡುಗಳದೇ, ನಿನ್ನೆ ರಾತ್ರಿಯದೇ? ಹೊಸ ಆರ್ಡರನ್ನು ಅದು ಸ್ವೀಕರಿಸುತ್ತದೆಯೇ?

6. ಎರಡೂ ಅಸ್ವಸ್ಥವೆಂದು ಕಂಡರೆ ಡಿಎನ್‌ಎಸ್ ಏನು ಉತ್ತರ ಕೊಡುತ್ತದೆ?

7. ಮೂಲ ಸರ್ವರ್‌ಗೆ ಮರಳುವ ನಿರ್ಧಾರ ಯಾರದು?

8. ಎಚ್ಚರಿಕೆಯ ಸಂದೇಶ ಯಾರಿಗೆ, ಯಾವ ಮಾರ್ಗದಲ್ಲಿ ಬರುತ್ತದೆ? ಅದೇ ಡೊಮೈನಿನ ಮಿಂಚಂಚೆಗೆ ಬರುವುದಾದರೆ, ಡೊಮೈನ್ ಕೆಟ್ಟ ದಿನ ಸಂದೇಶವೂ ಬರುವುದಿಲ್ಲ.

ಈ ಉತ್ತರಗಳು ಕಾಗದದ ಮೇಲೆ ಎಷ್ಟೇ ಚೆನ್ನಾಗಿದ್ದರೂ ಪ್ರಯೋಗಕ್ಕೆ ಪರ್ಯಾಯವಿಲ್ಲ. ಮಳೆಗಾಲಕ್ಕೆ ಮುನ್ನ, ವ್ಯಾಪಾರ ಕಡಿಮೆಯಿರುವ ಒಂದು ಭಾನುವಾರ ಬೆಳಗ್ಗೆ, ತಂತ್ರಜ್ಞರನ್ನು ಜೊತೆಗಿರಿಸಿಕೊಂಡು ಮೂಲ ಸರ್ವರ್ ಅನ್ನು ಬೇಕೆಂದೇ ನಿಲ್ಲಿಸಿ ನೋಡಬೇಕು. ಎಷ್ಟು ನಿಮಿಷಕ್ಕೆ ಸಂದೇಶ ಬಂದಿತು, ಕಚೇರಿಯ ಸಂಪರ್ಕದಲ್ಲಿ ಮತ್ತು ಮೊಬೈಲ್ ಸಂಪರ್ಕದಲ್ಲಿ ಎಷ್ಟು ಹೊತ್ತಿಗೆ ಬದಲಿ ತಾಣ ತೆರೆಯಿತು, ಪರೀಕ್ಷಾರ್ಥ ಹಾಕಿದ ಒಂದು ಆರ್ಡರು ಮೂಲಕ್ಕೆ ಮರಳಿದ ಮೇಲೆಯೂ ಲೆಕ್ಕದಲ್ಲಿ ಉಳಿದಿದೆಯೇ ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಅದೇ ದಿನ ಗುಮಾಸ್ತರು ಇ-ವೇ ಬಿಲ್‌ನ ಎರಡನೆಯ ತಾಣವನ್ನೂ ಒಮ್ಮೆ ತೆರೆದು, ಲಾಗಿನ್ ಆಗುತ್ತದೆಯೇ ಎಂದು ನೋಡಿ, ಅದರ ವಿಳಾಸವನ್ನು ಮೇಜಿನ ಮೇಲೆ ಅಂಟಿಸಿಕೊಳ್ಳುವುದು ಒಳ್ಳೆಯದು. ಲಾರಿ ಹೊರಡುವ ಹೊತ್ತಿನಲ್ಲಿ ಪಾಸ್‌ವರ್ಡ್ ಹುಡುಕುವ ಪ್ರಮೇಯ ಆಗ ಬಾರದು.